ಪಣಜಿಯ ಲಿನ್ಯಾರಿಸ್ ಸೇತುವೆ: ನೀರಿಳಿಯುವ ಹೊತ್ತಿಗೆ ಹೋಗಿ ನೋಡಿ

ಪಣಜಿಯ ಕದಂಬ ಬಸ್ ನಿಲ್ದಾಣದಿಂದ ಹಳೆ ಗೋವಾಕ್ಕೆ ಹೊರಟ ಲೋಕಲ್ ಬಸ್ಸು ಮಾಂಡವಿ ನದಿಯ ಸೇತುವೆಗಳ ಬುಡ ದಾಟಿದ ಮೇಲೆ ಏಳೆಂಟು ನಿಮಿಷ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಎತ್ತರದ ರಸ್ತೆಯಲ್ಲಿ ಓಡುತ್ತದೆ. ಎಡಗಡೆ ನದಿ, ಬಲಗಡೆ ಉಪ್ಪಿನ ಆಗರ ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಪೊದೆ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರದಿಂದ ಬಂದ ನೆಂಟರನ್ನು ಬೋಂ ಜೀಸಸ್ ಚರ್ಚಿಗೆ ಕರೆದೊಯ್ಯುವ ಇಲ್ಲಿನ ಕನ್ನಡಿಗರೆಲ್ಲ ಈ ದಾರಿ ಹಿಡಿದವರೇ. ಆದರೆ ಕೆಳಗಿರುವುದು 1634ರಲ್ಲಿ ಕಟ್ಟಿ ಮುಗಿಸಿದ ಸೇತುವೆ ಎಂದು ನೆಂಟರಿಗೆ ಹೇಳುವವರು ಕಡಿಮೆ. ಬಸ್ಸಿನಲ್ಲಿ ಕೂತವರಿಗೆ ಅದು ಕಾಣುವುದೂ ಇಲ್ಲ. ಕಾಣಬೇಕಾದದ್ದೆಲ್ಲ ಡಾಂಬರಿನ ಕೆಳಗೆ, ನೀರಿನ ಅಂಚಿನಲ್ಲಿದೆ.

ಪೋರ್ಚುಗೀಸರು ಇದನ್ನು ‘ಪೋಂತೆ ದ ಲಿನ್ಯಾರಿಸ್’ ಎಂದರು. ಪೋಂತೆ ಎಂದರೆ ಸೇತುವೆ. ಲಿನ್ಯಾರಿಸ್ ಎಂಬುದು ಆಗಿನ ವೈಸರಾಯ್ ಮಿಗೆಲ್ ದ ನೊರೊನ್ಯಾ ಅವರ ಬಿರುದು. ಅವರು ಲಿನ್ಯಾರಿಸ್‌ನ ಕೌಂಟ್, 1629ರಿಂದ 1635ರವರೆಗೆ ಗೋವಾದಲ್ಲಿ ವೈಸರಾಯ್ ಆಗಿದ್ದರು. 1633ರಲ್ಲಿ ಕೆಲಸ ಶುರುವಾಗಿ ಮುಂದಿನ ವರ್ಷ ಮುಗಿಯಿತು. ಉದ್ದ ಸುಮಾರು 3.2 ಕಿಲೋಮೀಟರ್. ಊರವರ ಬಾಯಲ್ಲಿ ಇದು ಬರೀ ‘ಕಾಸ್‌ವೇ’, ಅಂದರೆ ಜೌಗಿನ ಮೇಲೆ ಎತ್ತರಿಸಿದ ದಾರಿ. ಆಟೊ, ಬಸ್ಸಿನವರ ಹತ್ತಿರ ಲಿನ್ಯಾರಿಸ್ ಎಂದರೆ ಅರ್ಥವಾಗುವುದು ಕಷ್ಟ, ರಾಯಬಂದರ್ ಕಾಸ್‌ವೇ ಎನ್ನಿ. ಸೇತುವೆಯ ಪೂರ್ವ ತುದಿಯ ಊರು ಅದು. ಬೋರ್ಡುಗಳಲ್ಲಿ ರಿಬಂದರ್ ಎಂದಿರುತ್ತದೆ, ಕೊಂಕಣಿಯಲ್ಲಿ ರಾಯಬಂದರ್.

ಇದು ಒಂದು ಕಾಲಕ್ಕೆ ಏಷ್ಯಾದಲ್ಲೇ ಉದ್ದದ ಸೇತುವೆಯಾಗಿತ್ತು ಎಂದು ಗೈಡುಗಳು ಹೇಳುವುದುಂಟು. ಆ ಮಾತಿಗೆ ಅಂಟಿಕೊಂಡರೆ ಇದರ ನಿಜವಾದ ಜಾಣತನ ಕೈತಪ್ಪುತ್ತದೆ. ಇದು ಉದ್ದಕ್ಕೂ ಕಮಾನಿನ ಮೇಲೆ ನಿಂತ ಸೇತುವೆಯಲ್ಲ. ಬಹುಪಾಲು ಕೆಸರಿನ ಮೇಲೆ ಎಬ್ಬಿಸಿದ ಕಲ್ಲಿನ ಒಡ್ಡು. ಆ ಒಡ್ಡಿನಲ್ಲಿ ಅಲ್ಲಲ್ಲಿ ಕಮಾನಿನ ಕಂಡಿಗಳನ್ನು ಬಿಟ್ಟಿದ್ದಾರೆ. ಒಡ್ಡು ಜನರನ್ನು ದಾಟಿಸುತ್ತದೆ, ಕಂಡಿ ನೀರನ್ನು ದಾಟಿಸುತ್ತದೆ. ಕಂಡಿ ಬಿಡದೆ ಬರೀ ಒಡ್ಡು ಕಟ್ಟಿದ್ದರೆ ಕೆಲವೇ ಮಳೆಗಾಲದಲ್ಲಿ ನದಿ ಅದನ್ನು ಒಡೆದುಕೊಂಡು ಹೋಗುತ್ತಿತ್ತು. ಹಾಗಾಗಿ ಈ ಸೇತುವೆ ನೋಡುವುದು ಎಂದರೆ ಕಂಡಿಯಲ್ಲಿ ನೀರು ಓಡುವುದನ್ನು ನೋಡುವುದು, ಮತ್ತು ಅದಕ್ಕೆ ಹೊತ್ತು ಗೊತ್ತಿರಬೇಕು.

ಇಲ್ಲೇ ಏಕೆ ಕಟ್ಟಿದರು

ಆಗ ರಾಜಧಾನಿ ಇದ್ದದ್ದು ಈಗಿನ ಹಳೆ ಗೋವಾದಲ್ಲಿ. 1510ರಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ವಿಜಯಪುರದ ಆದಿಲ್‌ಶಾಹಿಯಿಂದ ಕಿತ್ತುಕೊಂಡ ನಗರ ಅದು. ಪಣಜಿ ಇನ್ನೂ ಪಟ್ಟಣವಾಗಿರಲಿಲ್ಲ. ಯೂಸುಫ್ ಆದಿಲ್ ಶಾಹ್ ಕಟ್ಟಿಸಿದ ಅರಮನೆ, ಅದರ ಸುತ್ತ ಒಂದಿಷ್ಟು ಮನೆಗಳು, ನದಿಯ ಬಾಯಿ ಕಾಯುವ ಕಾವಲು. ಸಮುದ್ರದಿಂದ ಬರುವ ಹಡಗೆಲ್ಲ ಪಣಜಿಯ ಮುಂದೆ ಹಾದೇ ಒಳಗೆ ಹೋಗಬೇಕಿತ್ತು. ರಾಜಧಾನಿಗೂ ಈ ಕಾವಲು ಜಾಗಕ್ಕೂ ಸುಮಾರು 10 ಕಿಲೋಮೀಟರ್ ದೂರ. ಅದರಲ್ಲಿ ರಾಯಬಂದರಿನವರೆಗೆ ಗಟ್ಟಿ ನೆಲ, ಅಲ್ಲಿಂದ ಪಣಜಿವರೆಗೆ ಜೌಗು. ಪಣಜಿಯ ಅಂಚಿನಲ್ಲಿ ಒರೆಮ್ ಕೊಲ್ಲಿ ಬಂದು ಮಾಂಡವಿಗೆ ಸೇರುತ್ತದೆ. ಉಬ್ಬರದಲ್ಲಿ ಇದೆಲ್ಲ ನೀರು, ಇಳಿತದಲ್ಲಿ ಕೆಸರು. ನಡೆದು ಹೋಗಲಿಕ್ಕೂ ಆಗದು, ಯಾವಾಗೆಂದರೆ ಆವಾಗ ದೋಣಿ ನಡೆಸಲಿಕ್ಕೂ ಆಗದು.

ಒಡ್ಡು ಎದ್ದಮೇಲೆ ಕಾಲುದಾರಿ, ಗಾಡಿದಾರಿ ಎರಡೂ ಆಯಿತು. ಸಾಂಕ್ರಾಮಿಕ ರೋಗಗಳಿಂದ ಹಳೆ ಗೋವಾ ಬರಿದಾಗುತ್ತ ಬಂದು, 1759ರಲ್ಲಿ ವೈಸರಾಯ್ ತಮ್ಮ ನಿವಾಸವನ್ನು ಪಣಜಿಯ ಆದಿಲ್‌ಶಾಹಿ ಅರಮನೆಗೆ ಬದಲಿಸಿದರು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಕಾವಲಿಗೆಂದು ಮಾಡಿದ ದಾರಿ ಹೀಗೆ ಎರಡು ರಾಜಧಾನಿಗಳ ನಡುವಿನ ದಾರಿಯಾಯಿತು.

ಕೆಸರಿನ ಮೇಲೆ ಕಲ್ಲು ನಿಲ್ಲುವುದು ಹೇಗೆ

ಇಲ್ಲಿನ ಕಲ್ಲು ನಮ್ಮವರಿಗೆ ಹೊಸದಲ್ಲ. ಉತ್ತರ ಕನ್ನಡದವರ ಚಿರೇಕಲ್ಲು, ಮಂಗಳೂರು ಕಡೆಯವರ ಕೆಂಪುಕಲ್ಲು ಅಥವಾ ಮುರಕಲ್ಲು, ಪುಸ್ತಕದ ಕನ್ನಡದಲ್ಲಿ ಜಂಬಿಟ್ಟಿಗೆ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಕನ್ನಡದ ಹೆಸರಿನೊಳಗೂ ಇಟ್ಟಿಗೆ ಕೂತಿದೆ. ಕಾರಣ ಒಂದೇ: ನೆಲದಿಂದ ತೆಗೆದಾಗ ಇದು ಮೆತ್ತಗಿರುತ್ತದೆ, ಕೊಡಲಿಯಂಥ ಹತ್ಯಾರದಲ್ಲಿ ಇಟ್ಟಿಗೆಯ ಹಾಗೆ ಚೌಕವಾಗಿ ಕೊಯ್ಯಬಹುದು. ಗಾಳಿ ಬಿಸಿಲಿಗೆ ಒಣಗಿದಂತೆ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಬಿಗಿದು ಗಟ್ಟಿಯಾಗುತ್ತದೆ. ಕೊಯ್ದ ಕೂಡಲೇ ಗೋಡೆಗೆ ಇಡುವ ಕಲ್ಲಲ್ಲ, ತಿಂಗಳುಗಟ್ಟಲೆ ಒಣಗಲು ಬಿಡಬೇಕು.

ಗಟ್ಟಿಯಾದರೂ ಗ್ರಾನೈಟಿನ ಹತ್ತಿರಕ್ಕೂ ಬಾರದು. ಕಟ್ಟಡಕ್ಕೆ ಬಳಸುವ ಜಂಬಿಟ್ಟಿಗೆ ಚದರ ಸೆಂಟಿಮೀಟರಿಗೆ ಕನಿಷ್ಠ ಸುಮಾರು 35 ಕಿಲೋ ಒತ್ತಡ ತಡೆಯಬೇಕು ಎಂಬುದು ಭಾರತೀಯ ಮಾನಕ. ಒಳ್ಳೆಯ ಗ್ರಾನೈಟು ಅದರ ಹತ್ತಾರು ಪಟ್ಟು ತಡೆಯುತ್ತದೆ. ಇಷ್ಟು ಮೆತ್ತನೆಯ ಕಲ್ಲನ್ನು ತೊಲೆಯ ಹಾಗೆ ಅಡ್ಡಲಾಗಿ ಹಾಕಿದರೆ ಕೆಳಮೈ ಎಳೆತಕ್ಕೆ ಸಿಕ್ಕಿ ನಡುವೆ ಮುರಿಯುತ್ತದೆ. ಕಮಾನಿನಲ್ಲಿ ಆ ಎಳೆತವೇ ಇಲ್ಲ. ಮೇಲಿನ ಭಾರ ಒಂದು ಬೆಣೆಗಲ್ಲಿನಿಂದ ಪಕ್ಕದ ಬೆಣೆಗಲ್ಲಿಗೆ ಒತ್ತುತ್ತ ಒತ್ತುತ್ತ ಎರಡೂ ಬದಿಯ ಕಾಲಿಗೆ ಇಳಿಯುತ್ತದೆ. ಕಲ್ಲಿಗೆ ಒತ್ತಡ ತಡೆಯುವುದು ಗೊತ್ತು, ಎಳೆತ ತಡೆಯುವುದು ಗೊತ್ತಿಲ್ಲ. ಅದಕ್ಕೇ ಇಲ್ಲಿ ಕಂಡಿ ಎಂದರೆ ಕಮಾನು. ಕಮಾನಿನ ಕಾಲುಗಳು ಹೊರಕ್ಕೆ ಜರುಗುವ ಪ್ರಯತ್ನ ಸದಾ ಮಾಡುತ್ತಿರುತ್ತವೆ. ಅವನ್ನು ಹಿಡಿದಿಡುವ ಕೆಲಸ ಎರಡೂ ಪಕ್ಕದ ಉದ್ದನೆಯ ಒಡ್ಡಿನದು. ಒಡ್ಡು ಮತ್ತು ಕಮಾನು ಹೀಗೆ ಒಂದನ್ನೊಂದು ಆತುಕೊಂಡಿವೆ.

ಇನ್ನು ಬುಡ. ಜಂಬಿಟ್ಟಿಗೆ ಗೋಡೆ ಘನ ಮೀಟರಿಗೆ ಹೆಚ್ಚುಕಡಿಮೆ 2 ಟನ್ ತೂಗುತ್ತದೆ. ಲೆಕ್ಕಕ್ಕೆ 3 ಮೀಟರ್ ಎತ್ತರದ ಗೋಡೆ ಎಂದುಕೊಂಡರೆ ಒಂದೊಂದು ಚದರ ಮೀಟರ್ ಕೆಸರಿನ ಮೇಲೆ 6 ಟನ್, ಅಂದರೆ ಒಂದು ದೊಡ್ಡ ಆನೆ, ಅದರ ಮೇಲೆ ಒಂದು ಮರಿಯಾನೆ ನಿಂತಷ್ಟು. ನದೀಮುಖದ ಕೆಸರು ಇದನ್ನು ನೇರವಾಗಿ ಹೊರಲಾರದು, ಪಕ್ಕಕ್ಕೆ ಉಬ್ಬಿ ಗೋಡೆಯನ್ನು ನುಂಗುತ್ತದೆ. ಇಂಥ ನೆಲದಲ್ಲಿ ಹಳೆಯ ಕಟ್ಟುಗಾರರ ಉಪಾಯ ಬುಡವನ್ನು ಅಗಲ ಮಾಡಿ, ಅದರಡಿ ಮರದ ದಿಮ್ಮಿ ಹಾಸುವುದು. ಇಲ್ಲಿ ಜಂಬೆ ಮರದ ದಿಮ್ಮಿ ಹಾಸಿದ್ದರು ಎಂಬುದು ಗೋವಾದಲ್ಲಿ ರೂಢಿಯಲ್ಲಿರುವ ಮಾತು. ಪಶ್ಚಿಮ ಘಟ್ಟದ ಜಂಬೆ ಎಷ್ಟು ಗಟ್ಟಿ ಎಂಬುದು ಮಲೆನಾಡಿನ ಬಡಗಿಗಳಿಗೆ ಗೊತ್ತು.

ಮರ ನೀರಿನಲ್ಲಿ ಕೊಳೆಯುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಕೊಳೆಸುವುದು ನೀರಲ್ಲ, ಶಿಲೀಂಧ್ರ. ಅದಕ್ಕೆ ಗಾಳಿ ಬೇಕು. ಇಳಿತದ ಮಟ್ಟಕ್ಕಿಂತ ಕೆಳಗೆ, ಕೆಸರಿನೊಳಗೆ ಹೂತ ಮರಕ್ಕೆ ಗಾಳಿ ತಾಗುವುದಿಲ್ಲ, ಶತಮಾನಗಟ್ಟಲೆ ಉಳಿಯುತ್ತದೆ. ಒಮ್ಮೆ ಒದ್ದೆ ಒಮ್ಮೆ ಒಣ ಆಗುವ ಮರವೇ ಬೇಗ ಹಾಳಾಗುವುದು. ಮನೆಯ ಬೇಲಿಗೂಟ ನೆಲಮಟ್ಟದಲ್ಲೇ ಮುರಿಯುತ್ತದಲ್ಲ, ಅದೇ ಲೆಕ್ಕ. ಉಪ್ಪುನೀರಿನಲ್ಲಿ ಇನ್ನೊಂದು ಶತ್ರುವಿದೆ: ದೋಣಿಯ ಹಲಗೆಯನ್ನು ಜರಡಿ ಮಾಡುವ ಮರಕೊರಕ ಹುಳು. ಅದು ಕೆಸರಿನೊಳಗೆ ಬದುಕಲಾರದು, ಆದರೆ ಕೆಸರು ಕೊಚ್ಚಿಹೋಗಿ ಮರ ನೀರಿಗೆ ತೆರೆದುಕೊಂಡರೆ ಬಂದು ಸೇರುತ್ತದೆ.

ನೀರು ಓಡುವ ಲೆಕ್ಕ

ಕೆಸರು ಕೊಚ್ಚಿಹೋಗುವುದು ಯಾವಾಗ? ಒಡ್ಡಿನ ಎರಡೂ ಬದಿಯ ನೀರಿನ ಮಟ್ಟದಲ್ಲಿ ವ್ಯತ್ಯಾಸ ಬಿದ್ದಾಗ. ನದಿಯ ಕಡೆ ನೀರು ಇಳಿಯತೊಡಗಿದಾಗ ಆಗರದ ಕಡೆಯ ನೀರು ಕಂಡಿಗಳಿಂದಲೇ ಹೊರಬರಬೇಕು. ಕಂಡಿ ಸಾಲದಿದ್ದರೆ ಒಳಗಿನ ನೀರು ಹಿಂದೆ ಉಳಿಯುತ್ತದೆ. ಬರೀ 5 ಸೆಂಟಿಮೀಟರ್ ವ್ಯತ್ಯಾಸ ಬಿದ್ದರೂ ಕಂಡಿಯಲ್ಲಿ ನೀರು ಸೆಕೆಂಡಿಗೆ ಹತ್ತಿರ ಹತ್ತಿರ 1 ಮೀಟರ್ ವೇಗಕ್ಕೆ ಏರುತ್ತದೆ. 10 ಸೆಂಟಿಮೀಟರಿಗೆ 1.4 ಮೀಟರ್, 20 ಸೆಂಟಿಮೀಟರಿಗೆ 2 ಮೀಟರ್. ಸಣ್ಣ ಮರಳು ಎದ್ದು ಹೋಗಲು ಇದರಲ್ಲಿ ಕಾಲುಭಾಗ ಸಾಕು.

ಆದ್ದರಿಂದ ಒಂದು ಕಂಡಿಗೆ ಪ್ಲಾಸ್ಟಿಕ್, ಕಸ, ಕಾಂಡ್ಲಾ ಬೇರು ಸಿಕ್ಕಿ ಮುಚ್ಚಿಹೋದರೆ ಕುತ್ತು ಬರುವುದು ಆ ಕಂಡಿಗಲ್ಲ, ಪಕ್ಕದ್ದಕ್ಕೆ. ಅದರ ಪಾಲಿನ ನೀರೂ ಪಕ್ಕದಲ್ಲೇ ಹೋಗಬೇಕು, ವೇಗ ಏರುತ್ತದೆ, ಕಂಬದ ಬುಡದ ಕೆಸರು ತೊಳೆದು ಹೋಗುತ್ತದೆ, ಅಡಿಪಾಯ ತೆರೆದುಕೊಳ್ಳುತ್ತದೆ. ಸೇತುವೆಯ ಸಾವು ಶುರುವಾಗುವುದು ಹೀಗೆ ಕೆಳಗಿನಿಂದ. ಮೇಲಿನ ರಸ್ತೆಯಲ್ಲಿ ಬಿರುಕು ಕಾಣುವಾಗ ಬುಡದಲ್ಲಿ ಬಹಳ ಕೆಲಸ ನಡೆದುಹೋಗಿರುತ್ತದೆ. ಕಸದ ಚೀಲವನ್ನು ಮೋಟುಗೋಡೆಯಾಚೆ ಎಸೆಯುವುದು ಬರೀ ಹೊಲಸು ಮಾಡುವ ಕೆಲಸವಲ್ಲ, 390 ವರ್ಷದ ಕಂಡಿಗೆ ಬೆಣೆ ಹೊಡೆಯುವ ಕೆಲಸ.

ನೋಡಲು ಸರಿಯಾದ ಹೊತ್ತು ಯಾವುದು ಎಂಬುದೂ ಇದರಿಂದಲೇ ಹೊರಡುತ್ತದೆ. ಗೋವಾ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ಮತ್ತು ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮುಂದಿನ ಒಂದೆರಡು ದಿನ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ. ಅಷ್ಟಮಿಯ ಆಸುಪಾಸು ಅದರ ಅರ್ಧವೂ ಇರುವುದು ಅನುಮಾನ. ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರ್ ನೋಡಿ ದಿನ ಆರಿಸಿಕೊಳ್ಳಿ, ಗಂಟೆಗೆ ಮೊರ್ಮುಗಾಂವ್ ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿ. ಫೋನಿನಲ್ಲಿ ಸಿಗುತ್ತದೆ, ಪಣಜಿಗೆ ಹೆಚ್ಚು ವ್ಯತ್ಯಾಸ ಬಾರದು.

ಆರು ಗಂಟೆಯಲ್ಲಿ ನೀರು ಒಂದೇ ಸಮ ಇಳಿಯುವುದಿಲ್ಲ. ಒಟ್ಟು ಇಳಿತವನ್ನು 12 ಪಾಲು ಮಾಡಿದರೆ ಮೊದಲ ಗಂಟೆ 1 ಪಾಲು, ಎರಡನೆಯದರಲ್ಲಿ 2, ಮೂರನೆಯದರಲ್ಲಿ 3, ನಾಲ್ಕನೆಯದರಲ್ಲೂ 3, ಆಮೇಲೆ 2, ಕೊನೆಗೆ 1. ಸಮುದ್ರಯಾನದವರ ಹಳೆಯ ಕೈಲೆಕ್ಕ ಇದು. 2 ಮೀಟರ್ ಇಳಿಯುವ ದಿನ ನಡುವಿನ ಎರಡೇ ಗಂಟೆಯಲ್ಲಿ 1 ಮೀಟರ್ ಇಳಿದುಬಿಡುತ್ತದೆ. ಆ ಎರಡು ಗಂಟೆ, ಅಂದರೆ ಉಬ್ಬರ ಕಳೆದ 2 ಗಂಟೆಯಿಂದ 4 ಗಂಟೆಯವರೆಗೆ, ಕಂಡಿಗಳು ತಮ್ಮ ಕೆಲಸವನ್ನು ಭರದಿಂದ ಮಾಡುತ್ತಿರುತ್ತವೆ. ಅದು ಬಿಟ್ಟು ಪೂರ್ತಿ ಉಬ್ಬರಕ್ಕೆ ಹೋದರೆ ನಿಂತ ನೀರಿನ ಪಕ್ಕ ಒಂದು ರಸ್ತೆ ಕಾಣುತ್ತದೆ, ಅಷ್ಟೇ.

ನಡೆಯುವ ಕ್ರಮ

ಬಸ್ ನಿಲ್ದಾಣ ಇರುವ ಪಾಟ್ಟೊದಿಂದ ಹೊರಟು ಮಾಂಡವಿ ಸೇತುವೆಯ ಬುಡದ ದಿವ್ಜಾ ಸರ್ಕಲ್ ದಾಟಿ ಪೂರ್ವಕ್ಕೆ ತಿರುಗಿ. ಒಡ್ಡು ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ನದಿಯ ಪಕ್ಕದಲ್ಲೇ ಸಾಗುತ್ತದೆ. ನಿಲ್ಲದೆ ನಡೆದರೆ ರಾಯಬಂದರಿಗೆ 45 ನಿಮಿಷ, ನಿಂತು ನೋಡುತ್ತ ಹೋದರೆ ಒಂದೂವರೆ ಗಂಟೆ. ವಾಹನಗಳ ಓಡಾಟ ಜೋರು, ದಾರಿ ಅಗಲವಿಲ್ಲ. ಗಾಡಿ ಎದುರಿನಿಂದ ಬರುವ ಬದಿಯಲ್ಲೇ ನಡೆಯಿರಿ. ಹೋಗುವಾಗ ಅದು ಬಲಗಡೆ, ಅಂದರೆ ಆಗರದ ಬದಿ. ಬರುವಾಗಲೂ ಬಲಗಡೆ, ಆಗ ಅದು ನದಿಯ ಬದಿ. ಹೀಗೆ ಹೋಗಿಬಂದರೆ ಒಡ್ಡಿನ ಮೇಲೆ ರಸ್ತೆ ದಾಟುವ ಗೋಜಿಲ್ಲದೆ ಎರಡೂ ಮುಖ ನೋಡಿದ ಹಾಗಾಗುತ್ತದೆ. ಚಿಕ್ಕ ಮಕ್ಕಳು, ಮೊಣಕಾಲು ನೋವಿನವರು ಜೊತೆಗಿದ್ದರೆ ಪೂರ್ತಿ ನಡೆಸಬೇಡಿ. ಪಣಜಿಯ ತುದಿಯಲ್ಲಿ ಅರ್ಧ ಕಿಲೋಮೀಟರ್ ನಡೆದು, ಉಳಿದದ್ದಕ್ಕೆ ಬಸ್ಸು ಹಿಡಿಯಿರಿ. ಹತ್ತುವ ಮುಂಚೆ ‘ರಾಯಬಂದರ್ ಮೇಲಿಂದಾನಾ?’ ಎಂದು ಕೇಳಬೇಕು. ಹಳೆ ಗೋವಾದ ಕೆಲವು ಬಸ್ಸುಗಳು ಬೈಪಾಸ್ ಹಿಡಿದು ಹೋಗುತ್ತವೆ.

ರಸ್ತೆಯ ಮೇಲಿಂದ ಕಂಡಿ ಎಲ್ಲಿದೆ ಎಂದು ತಿಳಿಯುವುದು ಹೇಗೆ? ನದಿಯ ಮೇಲ್ಮೈ ನೋಡಿ. ಇಳಿತದ ಹೊತ್ತಿನಲ್ಲಿ ಪ್ರತಿ ಕಂಡಿಯ ಬಾಯಿಂದ ನಾಲಗೆ ಚಾಚಿದಂತೆ ಒಂದು ಹರಿವು ನದಿಯೊಳಗೆ ಹೋಗುತ್ತದೆ. ಅದರ ಎರಡೂ ಅಂಚಿಗೆ ನೊರೆಯ ಗೆರೆ, ಎಲೆ, ಕಡ್ಡಿ. ಆ ಗೆರೆಯ ಬುಡವೇ ಕಂಡಿ. ಅಲ್ಲಿ ನಿಂತು ಮೋಟುಗೋಡೆಯಿಂದ ಕೆಳಗೆ ನೋಡಿದರೆ ಕಂಬದ ಕಲ್ಲು ಕಾಣುತ್ತದೆ. ಗೋಡೆ ಹತ್ತುವುದಾಗಲೀ ಕೆಸರಿಗೆ ಇಳಿಯುವುದಾಗಲೀ ಬೇಡ. ಮೇಲ್ಗಡೆ ಒಣಗಿದಂತೆ ಕಾಣುವ ಕೆಸರಿನಲ್ಲಿ ತೊಡೆಯವರೆಗೆ ಹೂತುಹೋಗಬಹುದು, ಕಲ್ಲಿಗೆ ಕಚ್ಚಿದ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ.

ಫೋಟೊ ತೆಗೆಯುವವರಿಗೆ ಒಂದು ಮಾತು. ಅಕ್ಟೋಬರಿನಿಂದ ಮಾರ್ಚಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಆಗರದ ಬದಿಗೆ ದಿನವಿಡೀ ಬೆಳಕು, ನದಿಯ ಬದಿಯ ಕಲ್ಲಿಗೆ ನೆರಳು. ನದಿಯ ಬದಿಯ ಗೋಡೆಗೆ ನೇರ ಬಿಸಿಲು ಬೀಳುವುದು ಮುಂಗಾರಿನ ಹಿಂದುಮುಂದಿನ ತಿಂಗಳುಗಳಲ್ಲಿ. ಒಡ್ಡಿನ ಒಟ್ಟು ರೂಪ ಒಂದೇ ನೋಟಕ್ಕೆ ಬೇಕೆಂದರೆ ಪಣಜಿಯಿಂದ ಮಾಪುಸಾ ಬಸ್ಸು ಹತ್ತಿ ಬಲಗಡೆಯ ಕಿಟಕಿ ಹಿಡಿಯಿರಿ. ಮಾಂಡವಿ ಸೇತುವೆಯ ಎತ್ತರದಿಂದ ಪೂರ್ವಕ್ಕೆ ನೀರಿನ ಅಂಚಿನಲ್ಲಿ ಎಳೆದ ಗೆರೆಯಂತೆ ಕಾಣುತ್ತದೆ.

ಬಲಗಡೆಯ ಉಪ್ಪು

ಆಗರಗಳನ್ನು ಸೇತುವೆಯಿಂದ ಬೇರೆ ಮಾಡಿ ನೋಡಲಾಗದು. ನದಿಯ ಅಲೆಯನ್ನು ಒಡ್ಡು ತಡೆದು, ಉಬ್ಬರದ ನೀರನ್ನು ಕಂಡಿಗಳು ಸೌಮ್ಯವಾಗಿ ಒಳಗೆ ಬಿಟ್ಟರೆ ಉಪ್ಪು ತೆಗೆಯುವವರಿಗೆ ಬೇಕಾದದ್ದು ಅದೇ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ನೋಡಿದವರಿಗೆ ಈ ವಿಧಾನ ಪರಿಚಿತ. ಅಘನಾಶಿನಿಯ ಗಜನಿ ಗದ್ದೆ ಗೊತ್ತಿದ್ದವರಿಗಂತೂ ಗೋವಾದ ‘ಖಾಜನ್’, ಅಂದರೆ ಬದು-ತೂಬು ಕಟ್ಟಿ ಉಬ್ಬರದ ನೀರನ್ನು ಹಿಡಿತದಲ್ಲಿಟ್ಟ ತಗ್ಗುಭೂಮಿ, ಅದರ ಅಕ್ಕತಂಗಿಯೇ.

ಮಳೆ ನಿಂತಮೇಲೆ ಬದು ಸರಿಮಾಡಿ, ಹೂಳು ತೆಗೆದು, ಪಾತಿಯ ನೆಲವನ್ನು ತುಳಿದು ಬಡಿದು ಗಟ್ಟಿ ಮಾಡುತ್ತಾರೆ. ಉಬ್ಬರದಲ್ಲಿ ತೂಬು ತೆಗೆದು ನೀರು ತುಂಬಿಸಿ, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಕುಡಿಸುತ್ತಾರೆ. ಸಮುದ್ರದ 1000 ಲೀಟರ್ ನೀರಿನಲ್ಲಿ ಸುಮಾರು 35 ಕಿಲೋ ಲವಣ, ಅದರಲ್ಲಿ ಅಡುಗೆ ಉಪ್ಪು ಸುಮಾರು 27 ಕಿಲೋ. ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವ ಹೊತ್ತಿಗೆ ಉಪ್ಪಿನ ಹರಳು ಕೂರಲು ಶುರು. ಅದಕ್ಕೂ ಮುಂಚೆ ಜಿಪ್ಸಂ ಕೂರುತ್ತದೆ. ಅದನ್ನು ಹಿಂದಿನ ಪಾತಿಯಲ್ಲೇ ಬಿಟ್ಟು ನೀರನ್ನು ಮುಂದೆ ದಾಟಿಸಬೇಕು, ಇಲ್ಲದಿದ್ದರೆ ಉಪ್ಪಿನಲ್ಲಿ ಸೇರಿಕೊಳ್ಳುತ್ತದೆ. ಕೊನೆಗೆ ಉಳಿಯುವ ಕಹಿನೀರನ್ನು ಹೊರಹಾಕಬೇಕು, ಹಾಕದಿದ್ದರೆ ಉಪ್ಪು ಕಹಿಯಾಗಿ, ಸದಾ ಜಿನುಗುತ್ತದೆ. ಹೊಸ ಉಪ್ಪಿನ ಗುಡ್ಡೆ ನೋಡಬೇಕೆಂದರೆ ಫೆಬ್ರವರಿಯಿಂದ ಮೇ ಒಳಗೆ ಬನ್ನಿ. ಮುಂಗಾರಿನಲ್ಲಿ ಈ ಕೆಲಸವೇ ಇಲ್ಲ. ಬೆಳಗಾವಿ ಜಿಲ್ಲೆಯ ಭೀಮಗಡದಲ್ಲಿ ಮಹದಾಯಿಯಾಗಿ ಹುಟ್ಟಿದ ಇದೇ ನದಿ ಆಗ ಘಟ್ಟದ ಸಿಹಿನೀರನ್ನು ಕೆಂಪಗೆ ತುಂಬಿಕೊಂಡು ಬರುತ್ತದೆ.

ಇಲ್ಲಿನ ಹಲವು ಪಾತಿಗಳು ಈಗ ಪಾಳುಬಿದ್ದು ಕಾಂಡ್ಲಾ ಹಬ್ಬಿದೆ. ಉಪ್ಪಿನ ಕಸುಬು ಹೋದದ್ದು ನಷ್ಟ, ಅದರಲ್ಲಿ ಎರಡು ಮಾತಿಲ್ಲ. ಕಾಂಡ್ಲಾ ಬಂದದ್ದರಿಂದ ಒಡ್ಡಿಗೆ ಲಾಭವೂ ಇದೆ. ಅದರ ಊರುಗೋಲಿನಂಥ ಬೇರು ನೀರಿನ ವೇಗ ಮುರಿದು ಹೂಳನ್ನು ಕೂರಿಸುತ್ತದೆ. ಕಂಡಿಯ ಬಾಯಲ್ಲೇ ಬೆಳೆದರೆ ಮಾತ್ರ ಕಡಿಯಲೇಬೇಕು, ಅದೂ ಅರಣ್ಯ ಇಲಾಖೆಯ ಅನುಮತಿಯೊಂದಿಗೆ. ಬೆಳ್ಳಕ್ಕಿ, ಮಿಂಚುಳ್ಳಿ, ಕೆಂಪುಕಾಲಿನ ಮೆಟ್ಟುಗಾಲು ಹಕ್ಕಿ ಈ ಬದಿಯಲ್ಲಿ ಸುಲಭವಾಗಿ ಕಾಣುತ್ತವೆ. ಮೇಲೆ ಗರುಡ ಸುತ್ತುತ್ತಿರುತ್ತದೆ.

ಕಲ್ಲು ಹಾಳಾಗುವ ಬಗೆ

ಮೋಟುಗೋಡೆಯ ಅಥವಾ ಒಡ್ಡಿನ ಒಂದು ಹಳೆಯ ಕಲ್ಲಿನ ಹತ್ತಿರ ಐದು ನಿಮಿಷ ನಿಲ್ಲಿ. ಮೈಯೆಲ್ಲ ಹುಳು ಕೊರೆದಂಥ ನಳಿಕೆ, ತೂತು. ತೂತಿನ ಒಳಗೋಡೆ ಹಳದಿ, ಹೊರಗೆ ಇಟ್ಟಿಗೆಗೆಂಪು, ಮಳೆ ತಾಗುವ ಕಡೆ ಪಾಚಿ ಒಣಗಿ ಕಪ್ಪು. ಕೆಲವು ಕಡೆ ಸಕ್ಕರೆ ಚೆಲ್ಲಿದಂಥ ಬಿಳಿ ಪುಡಿ ಇರುತ್ತದೆ. ಬೆರಳಿನಿಂದ ಒರೆಸಿದರೆ ಅದರ ಜೊತೆ ಕಲ್ಲಿನ ಕೆಂಪು ಹುಡಿಯೂ ಉದುರುತ್ತದೆ. ಈ ಬಿಳಿ ಪುಡಿ ಉಪ್ಪು, ಈ ಸೇತುವೆಯ ಮೊದಲ ರೋಗ.

ತೂತುಗಲ್ಲು ಉಪ್ಪುನೀರನ್ನು ಹೀರುತ್ತದೆ. ನೀರು ಆರುವಾಗ ಉಪ್ಪು ಹರಳುಗಟ್ಟಿ ಹಿಗ್ಗುತ್ತದೆ. ಹರಳು ಮೈಮೇಲೆ ಕಟ್ಟಿದರೆ ಮಳೆ ತೊಳೆದುಕೊಂಡು ಹೋಗುತ್ತದೆ, ಮೈಯೊಳಗೆ ಕಟ್ಟಿದರೆ ಕಲ್ಲಿನ ಚರ್ಮವನ್ನೇ ಸುಲಿಯುತ್ತದೆ. ಎಲ್ಲಿ ಕಟ್ಟಬೇಕು ಎಂಬುದನ್ನು ನಿರ್ಧರಿಸುವುದು ಸಂದಿನ ಗಾರೆ. ಬಳಚಿನ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗಿರುತ್ತದೆ, ನೀರಾವಿಯನ್ನು ಹೊರಬಿಡುತ್ತದೆ. ಉಪ್ಪು ಗಾರೆಯಲ್ಲಿ ಕಟ್ಟಿ ಗಾರೆಯೇ ಉದುರುತ್ತದೆ, ಕಲ್ಲು ಉಳಿಯುತ್ತದೆ. ಕೆಲವು ದಶಕಕ್ಕೊಮ್ಮೆ ಗಾರೆ ತುಂಬಿದರಾಯಿತು. ಸಿಮೆಂಟ್ ಮೆತ್ತಿದರೆ ಲೆಕ್ಕ ತಿರುಗುಮುರುಗು. ಸಿಮೆಂಟು ಕಲ್ಲಿಗಿಂತ ಬಿರುಸು, ಆವಿ ಬಿಡದು. ನೀರು ಕಲ್ಲಿನಿಂದಲೇ ಹೊರಬರಬೇಕಾಗಿ ಕಲ್ಲು ಪುಡಿಯಾಗುತ್ತದೆ. ಸಿಮೆಂಟಿನ ಸಂದು ಚೌಕಟ್ಟಿನ ಹಾಗೆ ಎದ್ದು ನಿಂತು, ನಡುವಿನ ಕಲ್ಲು ಗುಳಿಬಿದ್ದಿರುವುದನ್ನು ಕರಾವಳಿಯ ಯಾವ ಹಳೆಯ ಗೋಡೆಯಲ್ಲಾದರೂ ನೋಡಬಹುದು. ‘ರಿಪೇರಿ ಆಗಿದೆ’ ಎಂದು ಸಂತೋಷಪಡುವ ಮುಂಚೆ ಯಾವುದರಿಂದ ಆಗಿದೆ ಎಂದು ನೋಡಬೇಕು.

ಸರಿಯಾದ ರಿಪೇರಿ ನಿಧಾನದ್ದು. ಸಡಿಲವಾದ ಗಾರೆಯನ್ನು ಸಂದಿನ ಅಗಲದ ಎರಡು ಪಟ್ಟು ಆಳಕ್ಕೆ ಕೆರೆದು ತೆಗೆಯಬೇಕು. ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು ಉಪ್ಪು ಇಳಿಸಬೇಕು. ಕಲ್ಲು ಒದ್ದೆಯಿರುವಾಗಲೇ 1 ಪಾಲು ನೆನೆಸಿ ಹದಮಾಡಿದ ಸುಣ್ಣ, 3 ಪಾಲು ಸಿಹಿಮರಳಿನ ಗಾರೆಯನ್ನು ಒತ್ತಿ ತುಂಬಬೇಕು. ಸದಾ ನೀರು ತಾಗುವ ಕಡೆ ಬರೀ ಸುಣ್ಣ ಬಿಗಿಯುವುದಿಲ್ಲ, ಅದಕ್ಕೆ ಗಾಳಿಯ ಇಂಗಾಲದ ಡೈಆಕ್ಸೈಡ್ ಬೇಕು. ಅಲ್ಲಿ ಮರಳಿನ ಒಂದು ಭಾಗಕ್ಕೆ ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಬೆರೆಸಬೇಕು. ಆಮೇಲೆ ಒದ್ದೆ ಗೋಣಿ ಹೊದಿಸಿ ವಾರವಾದರೂ ಆರದಂತೆ ಕಾಯಬೇಕು. ಬಿಸಿಲಿಗೆ ಬೇಗ ಒಣಗಿದ ಸುಣ್ಣ ಹುಡಿಯಾಗಿ ಬಿದ್ದುಹೋಗುತ್ತದೆ. ಉಬ್ಬರ-ಇಳಿತದ ನಡುವೆ ಇದನ್ನೆಲ್ಲ ಮಾಡಬೇಕೆಂದರೆ ಒಂದೊಂದು ಕಮಾನಿಗೂ ಕೆಲಸದ ಹೊತ್ತು ದಿನಕ್ಕೆ ಕೆಲವೇ ಗಂಟೆ.

ಸಂದಿನಲ್ಲಿ ಮೊಳೆತ ಅರಳಿ ಸಸಿಯೂ ಅಷ್ಟೇ ಅಪಾಯಕಾರಿ. ಚಿಕ್ಕದಿರುವಾಗ ಬೇರುಸಹಿತ ತೆಗೆಯಬೇಕು. ದೊಡ್ಡದಾದ ಮೇಲೆ ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ, ಬರೀ ಕಡಿದರೆ ಇಮ್ಮಡಿಯಾಗಿ ಚಿಗುರುತ್ತದೆ. ಹಳೆಯ ಕಲ್ಲಿನ ಪಕ್ಕದಲ್ಲಿ ಕಾಂಕ್ರೀಟಿನ ಭಾಗ ಕಂಡರೆ ಅದು ನಂತರದ ಕಾಲದ್ದು. ಉಪ್ಪುಗಾಳಿಯಲ್ಲಿ ಅದಕ್ಕೆ ಬೇರೆಯೇ ರೋಗ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟು ಸಿಡಿದು, ಕಂಬಿ ಹೊರಗೆ ಕಾಣುತ್ತದೆ. ಜಂಬಿಟ್ಟಿಗೆ ಕಮಾನಿನೊಳಗೆ ಕಬ್ಬಿಣವೇ ಇಲ್ಲದ್ದರಿಂದ ಆ ಕಾಟವಿಲ್ಲ. ಪಕ್ಕದಲ್ಲೇ 1970ರಲ್ಲಿ ಕಟ್ಟಿದ ಮೊದಲ ಮಾಂಡವಿ ಸೇತುವೆ 1986ರ ಜುಲೈ 5ರಂದು ನದಿಗೆ ಕುಸಿದುಬಿತ್ತು. ಆಗ ಲಿನ್ಯಾರಿಸ್ ಸೇತುವೆಗೆ 352 ವರ್ಷ. ಹಾಗೆಂದು ಹಳೆಯದೇ ಮೇಲು ಎನ್ನುವುದು ಅನ್ಯಾಯ. ಹಡಗು ಹಾಯುವ ಆಳದ ನದಿಯನ್ನು ಎತ್ತರದಲ್ಲಿ ದಾಟುವ ಸೇತುವೆಗೂ, ದಡದ ಜೌಗಿನಲ್ಲಿ ಕೂತ ಒಡ್ಡಿಗೂ ಹೊಣೆ ಬೇರೆ. ಈಗ ಅಲ್ಲಿ 2019ರ ತೂಗುಹಗ್ಗದ ಅಟಲ್ ಸೇತು ಸೇರಿ ಮೂರು ಸೇತುವೆಗಳು ನಿಂತಿವೆ.

ರಾಯಬಂದರಿನಿಂದ ಹಿಂದಕ್ಕೆ

ರಾಯಬಂದರಿನಲ್ಲಿ ಗಟ್ಟಿ ನೆಲ ಸಿಕ್ಕಿದ ಕೂಡಲೇ ರಸ್ತೆ ಮನೆಗಳ ನಡುವೆ ಸಾಗುತ್ತದೆ. ನದಿಯ ಕಡೆ ಫೆರಿ ಧಕ್ಕೆ ಇದೆ. ಅಲ್ಲಿಂದ ಚೊಡಣ ದ್ವೀಪಕ್ಕೆ ಫೆರಿ. ಆಚೆ ಇಳಿದರೆ ಹತ್ತಿರದಲ್ಲೇ ಕಾಂಡ್ಲಾ ಕಾಡಿನ ಸಲೀಂ ಅಲಿ ಪಕ್ಷಿಧಾಮ. ಅದನ್ನು ನೋಡಲು ಬೇರೆಯೇ ಒಂದು ಬೆಳಗ್ಗೆ ಬೇಕು. ಸೇತುವೆಗೆ ಬಂದವರು ಫೆರಿಯಲ್ಲಿ ಒಮ್ಮೆ ಹೋಗಿ ಬಂದರೆ ಸಾಕು. ನಡುನೀರಿನಿಂದ ಪಶ್ಚಿಮಕ್ಕೆ ನೋಡಿದರೆ ಒಡ್ಡು ನೀರಿಗೆ ಎಷ್ಟು ಹತ್ತಿರ ಕೂತಿದೆ ಎಂಬುದು ಗೊತ್ತಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಡಿಸೆಂಬರಿನಲ್ಲಿ ಹುಣ್ಣಿಮೆಯ ಮಾರನೆಯ ದಿನ, ಉಬ್ಬರ 11.30ಕ್ಕೆ ಎಂದು ಪಟ್ಟಿಯಲ್ಲಿದೆ. 1.45ಕ್ಕೆ ಪಾಟ್ಟೊ ಬಿಡಿ. ಟೋಪಿ ಮತ್ತು ತಲೆಗೊಂದು ಲೀಟರ್ ನೀರು ಬೇಕೇಬೇಕು, ದಾರಿಯಲ್ಲಿ ನೆರಳಿಲ್ಲ. ಬಿಸಿಲು ಬಲಭುಜಕ್ಕೆ ಬೀಳುತ್ತದೆ, ಕಣ್ಣಿಗೆ ಕುಕ್ಕುವುದಿಲ್ಲ. 2ರಿಂದ 3.30ರ ನಡುವೆ ಕಂಡಿಗಳ ಹರಿವು ಜೋರಾಗಿರುತ್ತದೆ. 3.30ಕ್ಕೆ ರಾಯಬಂದರ್, ಚಹಾ, ಫೆರಿ. 4.45ಕ್ಕೆ ನದಿಯ ಬದಿಯಲ್ಲಿ ವಾಪಸು ಹೊರಟರೆ 5.30ರ ಇಳಿತಕ್ಕೆ ಸರಿಯಾಗಿ ಪಣಜಿಯ ಹತ್ತಿರ ಬಂದಿರುತ್ತೀರಿ, ಕತ್ತಲಾಗುವ ಮುಂಚೆ. ಕತ್ತಲಾದ ಮೇಲೆ ಈ ದಾರಿಯಲ್ಲಿ ನಡೆಯಬೇಡಿ, ಬಸ್ಸು ಹಿಡಿಯಿರಿ.

ಆ ಹೊತ್ತಿಗೆ ಕಂಡಿಗಳಲ್ಲಿ ನೀರು ನಿಂತಂತಿರುತ್ತದೆ. ಹೋಗುವಾಗ ಮುಳುಗಿದ್ದ ಕಂಬಗಳ ಬುಡ ಈಗ ಕಾಣುತ್ತದೆ. ಕಲ್ಲಿನ ಮೇಲೆ ಬೂದುಬಣ್ಣದ ಒಂದು ಪಟ್ಟಿ ಸಾಲಾಗಿ ಒಂದೇ ಮಟ್ಟದಲ್ಲಿ ಕಂಬದಿಂದ ಕಂಬಕ್ಕೆ ಸಾಗಿರುತ್ತದೆ. ಹತ್ತಿರದ ಕಂಬದಲ್ಲಿ ನೋಡಿದರೆ ಅದು ಒತ್ತೊತ್ತಾಗಿ ಕಚ್ಚಿಕೊಂಡ ಚಿಪ್ಪುಗಳು. ದಿನವೂ ಇಂತಿಷ್ಟು ಹೊತ್ತು ನೀರಿನಲ್ಲಿ ಮುಳುಗದಿದ್ದರೆ ಅವು ಬದುಕಲಾರವು. ಆದ್ದರಿಂದ ಪಟ್ಟಿಯ ಮೇಲಂಚಿನಿಂದ ಈಗಿನ ನೀರಿನವರೆಗೆ ಕಣ್ಣಳತೆಯಲ್ಲಿ ಅಳೆದರೆ ಇಲ್ಲಿ ನೀರು ದಿನವೂ ಎಷ್ಟು ಏರಿಳಿಯುತ್ತದೆ ಎಂಬ ಅಂದಾಜು ಕಲ್ಲಿನ ಮೇಲೇ ಸಿಗುತ್ತದೆ. ಪಟ್ಟಿಯ ಕೆಳಗೆ ಕಂಬ ಕೆಸರಿಗೆ ಸೇರುವ ಜಾಗವನ್ನೂ ನೋಡಿ. ಕೆಸರು ಕಲ್ಲಿಗೆ ಒತ್ತಿಕೊಂಡು ಏಡಿಗಳು ಅದರ ಮೇಲೆ ಓಡಾಡುತ್ತಿದ್ದರೆ ಬುಡ ಭದ್ರವಿದೆ. ಕಂಬದ ಸುತ್ತ ಬೋಗುಣಿಯಂತೆ ಗುಳಿಬಿದ್ದು ನೀರು ನಿಂತಿದ್ದರೆ, ಪಕ್ಕದ ಯಾವುದೋ ಕಂಡಿ ಮುಚ್ಚಿದೆಯೇ ಎಂದು ಹುಡುಕಬೇಕಾದ ಜಾಗ ಅದು.